ಒಂಬತ್ತನೆಯ ಎಡೆ

ಯಾರ ಮನೆಗೆ ಹೋದರೂ ಮೊದಲು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುವ ಜನ ಇರುತ್ತಾರಲ್ಲ, ನೊರೀನ್ ಓಮಿನಿಕಾ ಆ ಜಾತಿಯವಳು. ನಲವತ್ತಾರು ತುಂಬಿದರೂ ಚಾಳಿ ಬಿಟ್ಟಿರಲಿಲ್ಲ. "ಇವಳ ಮೂಗಿಗೆ ಒಂದು ಬಾಗಿಲು ಹಾಕಿಸ್ಬೇಕು" ಎಂದು ಅಜ್ಜಿ ಫಿಲೊಮೀನ್ ಅವಳ ಎದುರಿಗೇ ಅನ್ನುತ್ತಿದ್ದಳು. ಆದರೂ ಪೈನ್ ನ್ಯಾರೋಸ್‌ನ ಬ್ಯಾಂಡ್ ಕಚೇರಿಯಲ್ಲಿ, ಅಂದರೆ ಆ ಮೂಲನಿವಾಸಿ ಊರಿನ ಪಂಚಾಯಿತಿಯಲ್ಲಿ, ಊರೂರು ತಿರುಗಿ, ಮನೆಮನೆ ಹೊಕ್ಕು, ಕೆದಕಿ ಕೇಳಬೇಕಾದ ಕೆಲಸ ಬಂದಾಗ ಎಲ್ಲರ ಕಣ್ಣೂ ಹೋದದ್ದು ನೊರೀನಳ ಕಡೆಗೇ.

ಕೆಲಸ ಬಂದದ್ದು ರಾಜಧಾನಿ ಒಟ್ಟಾವಾದಿಂದ. ಹಿಂದೆ ಊರಿನ ಮಕ್ಕಳನ್ನು ಹೆತ್ತವರಿಂದ ಕಿತ್ತು ಒಯ್ದು ಇಡುತ್ತಿದ್ದ, ಗುಡ್ಡದ ಮೇಲಿನ ಹಳೆಯ ವಸತಿ ಶಾಲೆಯಿಂದ ಮನೆಗೆ ಬಾರದೇ ಹೋದ ಮಕ್ಕಳನ್ನು ಊರಿನವರು ತಮ್ಮದೇ ರೀತಿಯಲ್ಲಿ ನೆನೆಯುವುದಕ್ಕೆ ಸರ್ಕಾರ ಅನುದಾನ ಕೊಡುತ್ತದಂತೆ. 'ನಿಮ್ಮದೇ ರೀತಿಯಲ್ಲಿ' ಎಂಬ ಮಾತು ಫಾರಮ್ಮಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಆಮೇಲಿನ ಇಪ್ಪತ್ತೆರಡು ಪುಟಗಳೂ ಒಟ್ಟಾವಾದ ರೀತಿಯಲ್ಲಿದ್ದವು.

ಏನು ಮಾಡುವುದೆಂದು ಜನವರಿಯಲ್ಲಿ ಸಭೆ ಕೂತಿತು. ಒಬ್ಬರು ಕಲ್ಲು ನಿಲ್ಲಿಸೋಣ ಎಂದರು. ಇನ್ನೊಬ್ಬರು ಕಲ್ಲಿನ ಜೊತೆಗೊಂದು ಬೆಂಚೂ ಇರಲಿ ಎಂದರು. ಮೂಲೆಯಲ್ಲಿ ತೂಕಡಿಸುತ್ತಿದ್ದ ಫಿಲೊಮೀನ್ ಕಣ್ಣು ಬಿಟ್ಟಳು. ಅವಳಿಗೆ ಎಂಬತ್ತೆಂಟು. ಆ ಶಾಲೆಯಲ್ಲಿ ಹತ್ತು ವರ್ಷ ಇದ್ದು ಬಂದವಳು.

"ಕಲ್ಲು ಹಾಕಿದ್ರೆ ಮಕ್ಕಳು ತಿಂತಾವೇನ್ರೋ? ಆ ಮಕ್ಕಳು ಹಸ್ಕೊಂಡು ಹೋದೋವು. ಮೊದಲು ಊಟ ಹಾಕಿ. ಆಮೇಲೆ ನಿಮ್ಮ ಬೆಂಚು, ನಿಮ್ಮ ಕುಂಡೆ."

ಅಲ್ಲಿಗೆ ಸಭೆ ಮುಗಿಯಿತು. ಸತ್ತವರಿಗೆ ಊಟ ಹಾಕುವುದು ಊರಿಗೇನೂ ಹೊಸದಲ್ಲ. ಪ್ರತಿ ನವೆಂಬರಿನಲ್ಲೂ ಎಲ್ಲ ಮನೆಗಳಲ್ಲೂ ತಮ್ಮತಮ್ಮ ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ, ಹೆಸರು ಹಿಡಿದು ಕರೆದು, ಎಡೆ ಇಟ್ಟು, ಆ ಎಡೆಯನ್ನು ಬೆಂಕಿಗೆ ಕೊಟ್ಟ ಮೇಲೆಯೇ ಬದುಕಿರುವವರ ಊಟ. ಆದರೆ ಶಾಲೆ ಇದ್ದ ಜಾಗದಲ್ಲಿ, ಅಲ್ಲೇ ತೀರಿಕೊಂಡ ಒಂಬತ್ತು ಮಕ್ಕಳಿಗೆ, ಊರೆಲ್ಲ ಸೇರಿ ಎಡೆ ಇಟ್ಟದ್ದೇ ಇಲ್ಲ. ಬರುವ ನವೆಂಬರಿನಲ್ಲಿ ಇಡುವುದು, ಅಲ್ಲೊಂದು ಅಡುಗೆ ಚಪ್ಪರ ಕಟ್ಟುವುದು, ಪ್ರತಿ ವರ್ಷ ನಡೆಸಿಕೊಂಡು ಹೋಗುವುದು ಎಂದಾಯಿತು. ಒಂಬತ್ತು ಮಕ್ಕಳಿಗೆ ಏನೇನು ಇಷ್ಟವಿತ್ತೆಂದು ಪತ್ತೆ ಹಚ್ಚುವುದು ನೊರೀನಳ ಪಾಲಿಗೆ ಬಂತು. ಫಾರಂ ಹೋಗಬೇಕಾದದ್ದು ಫೆಬ್ರವರಿಯ ಕೊನೆಯ ಶುಕ್ರವಾರ, ಸಂಜೆ ಐದರೊಳಗೆ.

ನೊರೀನಳಿಗೆ ಹಬ್ಬವೇ ಹಬ್ಬ. ಎಪ್ಪತ್ತು ಎಂಬತ್ತು ವರ್ಷ ಹಿಂದೆ ಒಂದು ಮಗು ಏನು ಚಪ್ಪರಿಸಿ ತಿನ್ನುತ್ತಿತ್ತು ಎಂಬುದಕ್ಕಿಂತ ರುಚಿಯಾದ ಪ್ರಶ್ನೆ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಮಂಜಿನಲ್ಲಿ ಬೂಟು ಹೂತುಕೊಂಡು ಮನೆ ಮನೆ ಅಲೆದಳು. ಮೋಸೆಸ್ ಎಂಬ ಹುಡುಗನಿಗೆ ಹೊಳೆಯ ಬೀವರ್ ಪ್ರಾಣಿಯ ಬಾಲ ಬೆಂಕಿಯಲ್ಲಿ ಸುಟ್ಟದ್ದು ಎಂದರೆ ಪ್ರಾಣವಂತೆ. ಅವನ ತಂಗಿಯ ಮಗಳು ಹೇಳಿದಳು. ಆಗ್ನೆಸ್‌ಗೆ ಬ್ಯಾನಕ್ ರೊಟ್ಟಿಯ ಸೀದ ಅಂಚು ಬೇಕು, ನಡುವಿನದು ಬೇಡ. ಡೆಲಿಮಾಗೆ ಕರಿದ ಮೀನಿನ ಮೊಟ್ಟೆ. ಒಬ್ಬ ಹುಡುಗನಂತೂ ಕೊಬ್ಬಿನ ಡಬ್ಬಿಗೆ ಬೆರಳು ಹಾಕಿ ನೆಕ್ಕುತ್ತಿದ್ದ, ಅದಕ್ಕೇ ಅಮ್ಮನ ಕೈಯಲ್ಲಿ ದಿನಾ ಏಟು. ಹೇಳುವವರು ಮೊದಲು "ಯಾರಿಗೆ ನೆನಪಿದೆ ಬಿಡಮ್ಮ" ಎನ್ನುವರು, ಎರಡನೇ ಲೋಟ ಚಹಾಕ್ಕೆ ನೆನಪು ಬರುವುದು, ಮೂರನೆಯದಕ್ಕೆ ಅಳು. ಹದಿನೈದು ದಿನದಲ್ಲಿ ಎಂಟು ಮಕ್ಕಳ ಊಟ ಸಿಕ್ಕಿತು.

ಒಂಬತ್ತನೆಯವನು ಸಿಪ್ರಿಯನ್. ಫಿಲೊಮೀನ್ ಅಜ್ಜಿಯ ಸ್ವಂತ ತಮ್ಮ. ಐದು ವರ್ಷದವನಾಗಿ ಶಾಲೆಗೆ ಬಂದು, ಆರು ತುಂಬುವ ಮೊದಲೇ, ಸಾವಿರದ ಒಂಬೈನೂರ ನಲವತ್ತೇಳರ ಮಾರ್ಚಿನಲ್ಲಿ ಕೆಮ್ಮಿ ಕೆಮ್ಮಿ ಸತ್ತವನು. ಮನೆಯಲ್ಲೇ ಉತ್ತರ ಇದೆಯಲ್ಲ ಎಂದು ನೊರೀನ್ ಅವನನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ನನಗೆ ಗೊತ್ತಿಲ್ಲ" ಎಂದಳು ಅಜ್ಜಿ.

"ಒಡಹುಟ್ಟಿದವನು ಅಜ್ಜಿ! ಏನಾದ್ರೂ ಒಂದು ಇಷ್ಟ ಇದ್ದೇ ಇರುತ್ತೆ."

"ನನ್ನ ಕರ್ಕೊಂಡು ಹೋದಾಗ ಅವನು ಅಮ್ಮನ ಮೊಲೆ ಕುಡೀತಿದ್ದ. ಬೇಸಿಗೆ ರಜಕ್ಕೂ ಮನೆಗೆ ಕಳಿಸ್ತಿರಲಿಲ್ಲ, ನಮ್ಮೋರು ದೂರದ ಕಾಡಲ್ಲಿ ಬೇಟೆಗೆ ಉರುಲು ಹಾಕ್ಕೊಂಡು ಇರೋರು. ಆಮೇಲೆ ಅವನೂ ಬಂದ. ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಒಂದು ಕಡೆ. ಮಾತಾಡಿದ್ರೆ ಬಾರುಕೋಲು. ಅವನ ಧ್ವನಿ ಹೆಂಗಿತ್ತು ಅಂತ್ಲೇ ನನಗೆ ಗೊತ್ತಿಲ್ಲ ಕಣೇ."

ಆಗ ನೊರೀನಳಿಗೆ ಒಂದು ವಿಷಯ ಹೊಳೆಯಿತು. ಪ್ರತಿ ನವೆಂಬರಿನಲ್ಲೂ ಅಜ್ಜಿ ತನ್ನ ಅಪ್ಪನಿಗೆ, ಅಮ್ಮನಿಗೆ, ಗಂಡನಿಗೆ, ಸತ್ತ ಮಗಳಿಗೆ, ಅಷ್ಟೇಕೆ, ಜಗಳವಾಡಿಕೊಂಡು ಹೋದ ನಾದಿನಿಗೂ ಎಡೆ ಇಡುತ್ತಿದ್ದಳು. ತಮ್ಮನಿಗೆ ಇಟ್ಟದ್ದನ್ನು ನೊರೀನ್ ಒಮ್ಮೆಯೂ ನೋಡಿರಲಿಲ್ಲ.

"ಏನು ಇಡಲಿ?" ಎಂದಳು ಅಜ್ಜಿ. "ಎಪ್ಪತ್ತೇಳು ವರ್ಷ ಆಯ್ತು, ಅವನಿಗೆ ಒಂದು ತುತ್ತು ಇಟ್ಟಿಲ್ಲ. ಬರೋ ನವೆಂಬರ್ರಿಗೆ ನಾನು ಇರ್ತೀನೋ ಇಲ್ವೋ. ಇದ್ರೆ ಅವತ್ತು ಅವನಿಗೆ ಹಾಕ್ಬೇಕು. ನೀನು ಊರಿನ ಗಂಗಾಳ ಎಲ್ಲ ಇಣುಕಿ ನೋಡೋಳಲ್ವಾ? ಹುಡುಕು."

ನೊರೀನ್ ಹುಡುಕಿದಳು. ಶಾಲೆಯ ಹಳೆಯ ಪುಸ್ತಕಗಳ ನಕಲು ತರಿಸಿದಳು. ಅದರಲ್ಲಿ ಸಿಪ್ರಿಯನ್‌ನ ತೂಕವಿತ್ತು, ಹಾಸಿಗೆಯ ಸಂಖ್ಯೆಯಿತ್ತು, ಬಾಯಿಪಾಠ ಒಪ್ಪಿಸಿದ ಜಪಗಳ ಲೆಕ್ಕವಿತ್ತು. ಹುಡುಗನೊಬ್ಬನ ಬಗ್ಗೆ ಇಷ್ಟು ಬರೆದು ಏನನ್ನೂ ತಿಳಿಯದಿರುವುದು ಹೇಗೆ ಸಾಧ್ಯ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಫಾರಮ್ಮಿನ ಕೊನೆಯ ವಾರ ಬಂತು. ಮಗುವಿಗೊಂದರಂತೆ ಇದ್ದ ಊಟದ ಚೌಕಗಳಲ್ಲಿ ಒಂಬತ್ತನೆಯದು ಖಾಲಿ. ಒಂದು ಚೌಕ ಖಾಲಿ ಬಿಟ್ಟರೂ ಅರ್ಜಿ ಅಪೂರ್ಣ ಎಂದು ಒಟ್ಟಾವಾದ ಹೆಂಗಸು ಫೋನಿನಲ್ಲಿ ಮೂರು ಸಲ ನಯವಾಗಿ ಹೇಳಿದ್ದಳು. ನೊರೀನ್ ಯೋಚಿಸಿ, ಬ್ಲೂಬೆರಿ ಬೇಡವೆನ್ನುವ ಮಗು ಯಾವುದಿದೆ ಎಂದುಕೊಂಡು, 'ಬ್ಲೂಬೆರಿ ಹಾಕಿದ ಬ್ಯಾನಕ್' ಎಂದು ಬರೆದುಬಿಟ್ಟಳು.

ಮಂಗಳವಾರ ಸಂಜೆ ಪಟ್ಟಿಯನ್ನು ಅಜ್ಜಿಗೆ ಓದಿ ಹೇಳಿದಳು. ಎಂಟಕ್ಕೂ ಅಜ್ಜಿ ತಲೆಯಾಡಿಸಿದಳು, ಕೊಬ್ಬಿನ ಡಬ್ಬಿಗೆ ನಕ್ಕಳು ಕೂಡ. ಒಂಬತ್ತನೆಯದಕ್ಕೆ ಮುಖ ಮೇಲೆತ್ತಿದಳು.

"ಯಾರು ಹೇಳಿದ್ದು?"

ನೊರೀನ್ ಅಡ್ಡಗೋಡೆಯ ಮೇಲೆ ದೀಪ ಇಡಲು ಹೋದಳು. "ಮಕ್ಕಳಿಗೆ ಸಾಮಾನ್ಯವಾಗಿ..."

"ಸಾಮಾನ್ಯವಾಗಿ?" ಅಜ್ಜಿಯ ದನಿ ಏರಲಿಲ್ಲ, ಅದೇ ಭಯ ಹುಟ್ಟಿಸಿತು. "ಅಲ್ಲ ಕಣೇ, ಅವತ್ತು ಅವನು ಬರ್ತಾನೆ. ಒಂಬತ್ತು ಎಡೆ ನೋಡ್ತಾನೆ. ಎಲ್ಲ ಮಕ್ಕಳೂ ತಮ್ಮ ತಮ್ಮದು ಕಂಡು ಕೂತ್ಕೋತಾವೆ. ಇವನು ಮಾತ್ರ, ಇದು ಯಾರದೋ, ನನ್ನದಲ್ಲ ಅಂತ ಬಾಗಿಲಲ್ಲೇ ನಿಂತಿರ್ತಾನೆ. ಯಾರದೋ ಎಡೇನ ಯಾರದೋ ಮುಂದೆ ಇಡೋದನ್ನ ನಿನಗೆ ಯಾರೇ ಕಲಿಸಿದ್ದು? ಆ ಶಾಲೇಲಿ ಹಂಗೆ ಇಡ್ತಿದ್ರು, ಎಲ್ಲರಿಗೂ ಒಂದೇ ಗಂಜಿ. ಹೊಡೆದು ಹಾಕು ಅದನ್ನ."

ನೊರೀನ್‌ಗೆ ನಾಚಿಕೆಯಾಯಿತು. ಬೇರೆ ಯಾರೇ ಆಗಿದ್ದರೂ ಇಂಥ ತಪ್ಪನ್ನು ತಪ್ಪು ಎನ್ನುತ್ತಿರಲಿಲ್ಲ, ಒಟ್ಟಾವಾ ಅಂತೂ ಶಹಭಾಸ್ ಎನ್ನುತ್ತಿತ್ತು. ಅವಳು ಆ ಸಾಲನ್ನು ಅಜ್ಜಿಯ ಎದುರೇ ಹೊಡೆದು ಹಾಕಿದಳು.

ಮಾರನೆಯ ದಿನ ಊರ ರೇಡಿಯೋದಲ್ಲಿ ಬಿಂಗೊ, ಕೂಗಿದ ಅಕ್ಷರ ಅಂಕಿ ಚೀಟಿಯಲ್ಲಿದ್ದರೆ ಗುರುತು ಹಾಕಿಕೊಳ್ಳುವ ಆಟ. ಬುಧವಾರದ ಬಿಂಗೊ ಎಂದರೆ ಕೊಲ್ಲಿಯ ಸುತ್ತಲಿನ ನಾಲ್ಕು ಊರಿನವರೂ ಚೀಟಿ ಹರವಿಕೊಂಡು ಕಿವಿ ನೆಟ್ಟು ಕೂರುತ್ತಾರೆ. ನೊರೀನ್ ಹೋಗಿ ಅಂಕಿ ಕೂಗುವ ಹೆಕ್ಟರನ ಕಾಲು ಹಿಡಿದಳು.

"ಜಿ, ಐವತ್ತೆರಡು" ಎಂದು ಕೂಗಿದ ಹೆಕ್ಟರ್, ಅದೇ ಉಸಿರಿನಲ್ಲಿ, "ಕೇಳಿಸ್ಕೊಳ್ಳಿ. ನಲವತ್ತಾರು ನಲವತ್ತೇಳನೇ ಇಸವೀಲಿ ಗುಡ್ಡದ ಶಾಲೇಲಿ ಚಿಕ್ಕ ಹುಡುಗರ ಕೋಣೇಲಿ ಮಲಗಿದ್ದೋರು ಯಾರಾದ್ರೂ ಬದುಕಿದ್ರೆ ನೊರೀನ್‌ಗೆ ಫೋನ್ ಮಾಡಿ. ಬದುಕಿಲ್ದೇ ಇರೋರು ಮಾಡ್ಬೇಡಿ, ಅವಳು ಹೆದರ್ಕೋತಾಳೆ. ಓ, ಅರವತ್ತೊಂದು" ಎಂದ.

ಹನ್ನೊಂದು ಫೋನು ಬಂದವು. ನಾಲ್ವರು ಆಟ ಹಾಳು ಮಾಡಿದೆ ಎಂದು ಬೈದರು. ಒಬ್ಬ ತಾನು ಆಗಿನ್ನೂ ಹುಟ್ಟಿರಲಿಲ್ಲ, ಆದರೆ ಮಾತಾಡಲು ತಯಾರಿದ್ದೇನೆ ಎಂದ. ಹನ್ನೊಂದನೆಯದು ಕೊಲ್ಲಿಯ ಆಚೆ ದಡದ ಥೆಲ್ಮಾ ಎಂಬವಳದು.

"ನಮ್ಮಪ್ಪ ಅಲ್ಲೇ ಇದ್ದಿದ್ದು. ಆಂಬ್ರೋಸ್ ಅಂತ. ನನಗಂತೂ ಇವತ್ತಿನವರೆಗೂ ಒಂದಕ್ಷರ ಹೇಳಿಲ್ಲ ಕಣ್ರೀ. ಬನ್ನಿ ಬೇಕಾದ್ರೆ. ಮಾತಾಡೋದು ಬಿಡೋದು ಅವರ ಚಿತ್ತ."

ಗುರುವಾರ ಬೆಳಿಗ್ಗೆ ನೊರೀನ್ ಟ್ರಕ್ಕನ್ನು ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಇಳಿಸಿದಳು. ಮಂಜುಗಡ್ಡೆಯ ದಾರಿಯಲ್ಲಿ ನಲವತ್ತು ನಿಮಿಷ. ಹಿರಿಯರ ಬಳಿ ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದಲ್ಲ, ಕೆಂಪು ಬಟ್ಟೆಯಲ್ಲಿ ಕಟ್ಟಿದ ತಂಬಾಕು ಜೇಬಿನಲ್ಲಿತ್ತು. ಹಿರಿಯರು ಅದನ್ನು ಕೈಗೆ ತೆಗೆದುಕೊಂಡರೆ ಕೇಳಿದ್ದಕ್ಕೆ ಒಪ್ಪಿದಂತೆ, ಮುಟ್ಟದಿದ್ದರೆ ಚಹಾ ಕುಡಿದು ವಾಪಸು ಬರುವುದು.

ಆಂಬ್ರೋಸ್ ಎಂಬತ್ತಾರರ ಮುದುಕ. ಅಡುಗೆಮನೆಯಲ್ಲಿ ಮೀನಿನ ಬಲೆಯ ಹರಿದ ಕಣ್ಣು ಹೆಣೆಯುತ್ತ ಕೂತಿದ್ದ. ನೊರೀನ್ ತಂಬಾಕನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಹಾಕಿ ಆಟದ ಬಗ್ಗೆ ಮಾತಾಡಿದ. ಮಂಜು ತೆಳುವಾಗುತ್ತಿರುವ ಬಗ್ಗೆ, ಯಾರ ಟ್ರಕ್ಕು ಯಾವ ವರ್ಷ ನೀರಿಗೆ ಬಿತ್ತು ಎಂಬ ಬಗ್ಗೆ, ಅದರಲ್ಲಿ ಯಾರ ಹೆಂಡತಿ ಇದ್ದಳು, ಯಾರ ಹೆಂಡತಿ ಇರಬಾರದಿತ್ತು ಎಂಬ ಬಗ್ಗೆ. ಬೇರೆ ದಿನವಾಗಿದ್ದರೆ ನೊರೀನ್ ಅದನ್ನೇ ಇನ್ನಷ್ಟು ಕೆದಕುತ್ತಿದ್ದಳು. ಇವತ್ತು ನಾಳೆಯ ಐದು ಗಂಟೆ ತಲೆಯೊಳಗೆ ಕೂತಿತ್ತು. ಒಂದೂವರೆ ತಾಸು ಕಳೆದದ್ದೇ ತಾಳ್ಮೆ ಕೆಟ್ಟು, ಚೀಲದಿಂದ ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ತಾತ, ಒಂದೇ ಒಂದು ಪ್ರಶ್ನೆ ಇತ್ತು" ಎಂದಳು.

ಮುದುಕನ ಕೈ ನಿಂತಿತು. ತಂಬಾಕಿನ ಗಂಟನ್ನು ಒಂದು ಬೆರಳಿನಿಂದ ಅವಳ ಕಡೆಗೆ ತಳ್ಳಿದ.

"ಅಪ್ಪಾ..." ಎಂದಳು ಥೆಲ್ಮಾ.

"ನೀನು ಸುಮ್ನಿರು." ಅವನು ನೊರೀನಳ ಕೈ ನೋಡಿದ. "ಟ್ರಕ್ಕಿಂದ ಇಳಿಸಿ ಸಾಲಾಗಿ ನಿಲ್ಲಿಸ್ತಿದ್ರು ನಮ್ಮನ್ನ. ಒಬ್ಬ ಮೇಜು ಹಾಕ್ಕೊಂಡು ಬರ್ಕೋತಿದ್ದ. ನೀನು ಹಿಡ್ಕೊಂಡಿದೀಯಲ್ಲ, ಹಿಂಗೇ ಹಿಡ್ಕೊಂಡು. ಅವತ್ತಿಂದ ಯಾರಾದ್ರೂ ಬರ್ಕೊಳ್ಳೋಕೆ ಕೂತ್ರೆ ನನ್ನ ಬಾಯಿ ತಾನಾಗೇ ಮುಚ್ಕೊಳ್ಳುತ್ತೆ. ನಾನು ಬೇಕೂ ಅಂತ ಮಾಡೋದಲ್ಲ ಮಗಳೇ."

ನೊರೀನ್ ಎದ್ದು ಹೊರಗೆ ಹೋದಳು. ಫಾರಂ, ಪೆನ್ನು, ಚೀಲ, ಕೊನೆಗೆ ಫೋನನ್ನೂ ಟ್ರಕ್ಕಿನೊಳಗೆ ಹಾಕಿ ಬಾಗಿಲು ಬಡಿದು ಬಂದಳು. ಬರಿಗೈಯನ್ನು ಮೊಣಕಾಲ ಮೇಲಿಟ್ಟು ಕೂತಳು.

"ತಾತ, ನಾನು ಫಿಲೊಮೀನಳ ಮೊಮ್ಮಗಳು. ಅವಳ ತಮ್ಮ ಸಿಪ್ರಿಯನ್ ಅಂತ ಇದ್ದ. ಅವನಿಗೆ ಎಡೆ ಇಡ್ಬೇಕು. ಏನು ಇಷ್ಟ ಇತ್ತು ಅಂತ ಅವಳಿಗೆ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ಆಂಬ್ರೋಸ್ ಬಲೆಯ ದಾರಕ್ಕೆ ಗಂಟು ಹಾಕಿ ಮುಗಿಸಿದ. ಆಮೇಲೆ ಕೈ ಚಾಚಿ ತಂಬಾಕು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ.

"ದೀಪ ಆರಿಸಿದ ಮೇಲೆ ನಾವು ಅಡುಗೆ ಮಾಡ್ತಿದ್ವಿ" ಎಂದ.

"ಅಡುಗೆ?"

"ಬಾಯಲ್ಲಿ. ಹೊಟ್ಟೆ ಹಸಿದ್ರೆ ನಿದ್ದೆ ಬರಲ್ವಲ್ಲ. ದಿನಕ್ಕೊಬ್ಬನ ಪಾಳಿ. ಸುಮ್ನೆ ಮೀನು ತಿಂದೆ ಅಂದ್ರೆ ಆಗ್ತಿರಲಿಲ್ಲ. ಬಲೆ ಹಾಕೋದ್ರಿಂದ ಶುರು ಮಾಡ್ಬೇಕು. ಪೊರೆ ತೆಗೀಬೇಕು, ಸೌದೆ ತರ್ಬೇಕು, ಬೆಂಕಿ ಹಚ್ಬೇಕು. ಒಂದು ಬಿಟ್ರೂ, 'ಏಯ್, ಉಪ್ಪು ಹಾಕ್ಲಿಲ್ಲ' ಅಂತ ಎಲ್ಲರೂ ಕೂಗಿ ಮೊದಲಿಂದ ಮಾಡಿಸ್ತಿದ್ವಿ. ಪಿಸುಮಾತಲ್ಲೇ ಕೂಗೋದು. ನಾನು ಸ್ಟರ್ಜನ್ ಮೀನು ಮಾಡ್ತಿದ್ದೆ. ಚೆನ್ನಾಗಿ ಮಾಡ್ತಿದ್ದೆ." ಅವನು ಮೊದಲ ಸಲ ನಕ್ಕ. "ಅಮ್ಮನ ಅಡುಗೆ ಮರೀಬಾರ್ದು ಅಂತ ಮಾಡ್ತಿದ್ವಿ ಅಂತ ಈಗ ಅನ್ಸುತ್ತೆ. ಆಗ ಅದೆಲ್ಲ ಗೊತ್ತಿರಲಿಲ್ಲ."

ನೊರೀನ್ ಕುರ್ಚಿಯ ತುದಿಗೆ ಬಂದಿದ್ದಳು. "ಸಿಪ್ರಿಯನ್ ಏನು ಮಾಡ್ತಿದ್ದ?"

"ಅವನು ನಮಗೆಲ್ಲ ಚಿಕ್ಕೋನು. ಅವನಿಗೆ ಅಡುಗೆ ಎಲ್ಲಿ ಬರ್ಬೇಕು? ಮನೇಲಿ ಏನು ತಿಂತಿದ್ದ ಅನ್ನೋದೂ ಒಂದೆರಡು ತಿಂಗಳಲ್ಲಿ ಮರೆತು ಹೋಗಿತ್ತು ಅವನಿಗೆ. ಅವನ ಪಾಳಿ ಬಂದಾಗ, ಏನು ಮಾಡ್ತೀಯೋ ಅಂತ ಕೇಳಿದ್ರೆ ಯಾವಾಗ್ಲೂ ಒಂದೇ ಮಾತು: 'ಅಕ್ಕ ಏನು ತಿಂತಾಳೋ ಅದು.' ಹೆಂಗೆ ಮಾಡ್ತಾರೋ ಅದನ್ನ ಅಂತ ಕೇಳಿದ್ರೆ, 'ಅಕ್ಕಂಗೆ ಗೊತ್ತು.' ಅಷ್ಟೇ. ನಾವು ಬಾಯಿಗೆ ಹೊದಿಕೆ ತುರುಕಿಕೊಂಡು ನಗ್ತಿದ್ವಿ. 'ಅಕ್ಕನ ಬಾಲ' ಅಂತ ಹೆಸರಿಟ್ಟಿದ್ವಿ. ಅವನೇನೂ ಅಳ್ತಿರಲಿಲ್ಲ. ಮುಂದಿನ ಪಾಳೀಲೂ ಅದೇ. ಅಕ್ಕ ಏನು ತಿಂತಾಳೋ ಅದು."

ಹೊರಗೆ ಯಾರದೋ ನಾಯಿ ಬೊಗಳಿತು. ಆಂಬ್ರೋಸ್ ಬಲೆಯನ್ನು ಮಡಿಲಿನಿಂದ ಸರಿಸಿದ.

"ಎಲ್ಲರಿಗಿಂತ ಜಾಸ್ತಿ ನಕ್ಕೋನು ನಾನು" ಎಂದ. "ಅದನ್ನೂ ಹೇಳು ಅವಳಿಗೆ."

ಹಿಂತಿರುಗುವಾಗ ಕೊಲ್ಲಿಯ ನಡುವೆ ನೊರೀನ್ ಟ್ರಕ್ಕು ನಿಲ್ಲಿಸಿಕೊಂಡು ಅತ್ತಳು. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ. ಬೀವರ್ ಬಾಲ, ಮೀನಿನ ಮೊಟ್ಟೆಯ ಹಾಗೆ ಕೈಗೆ ಸಿಗುವ ಒಂದು ಪದಾರ್ಥ ಹೇಳಿದ್ದರೆ ಎಷ್ಟು ಸುಲಭವಿತ್ತು. ಇದನ್ನು ಹೇಗೆ ಅಜ್ಜಿಯ ಮುಂದೆ ಇಡುವುದು? ಆದರೂ ಮುಚ್ಚಿಡುವ ಸ್ವಭಾವ ಅವಳದಲ್ಲ. ಮಧ್ಯಾಹ್ನ ಎರಡಕ್ಕೆ ಅಜ್ಜಿಯ ಅಡುಗೆಮನೆ ಹೊಕ್ಕವಳು ಕೋಟನ್ನೂ ಬಿಚ್ಚದೆ ಎಲ್ಲ ಹೇಳಿದಳು. ಪಾಳಿ, ಉಪ್ಪು, ಪಿಸುಮಾತಿನ ಕೂಗು, ಅಕ್ಕನ ಬಾಲ, ಎಲ್ಲ.

ಫಿಲೊಮೀನ್ ಕಿವಿಯನ್ನು ಅವಳ ಹತ್ತಿರ ತಂದಳು. "ಇನ್ನೊಂದ್ಸಲ ಹೇಳು" ಎಂದಳು.

"ಅಕ್ಕ ಏನು ತಿಂತಾಳೋ ಅದು."

"ನಾನು ಬೆನ್ನು ತಿರುಗಿಸಿ ತಿಂತಿದ್ದೆ ಕಣೇ" ಎಂದಳು ಅಜ್ಜಿ. "ಊಟದ ಮನೇಲಿ ಆ ಕಡೆ ಬೆಂಚಿಂದ ನನ್ನ ತಟ್ಟೇನೇ ನೋಡ್ತಿದ್ದ. ಹಸಿವು, ನನ್ನದನ್ನ ಕೇಳ್ತಿದ್ದಾನೆ ಅಂದ್ಕೊಂಡೆ. ಕೊಡೋಕೆ ಆಗ್ತಿರಲಿಲ್ಲ, ನೋಡೋಕೂ ಆಗ್ತಿರಲಿಲ್ಲ. ಅದಕ್ಕೇ ತಿರುಗಿ ಕೂತು ಬೇಗ ಬೇಗ ನುಂಗ್ತಿದ್ದೆ. ಈ ಮಾತು ನಿನ್ನ ತಾತಂಗೂ ಹೇಳಿಲ್ಲ."

ನೊರೀನ್ ಅವಳ ಕೈ ಹಿಡಿದಳು. ಅಜ್ಜಿ ಅತ್ತಳು, ಮುಚ್ಚಿಟ್ಟುಕೊಳ್ಳದೆ, ಮೂಗು ಒರೆಸಿಕೊಳ್ಳದೆ. ಅಳುತ್ತಿದ್ದವಳು ಇದ್ದಕ್ಕಿದ್ದ ಹಾಗೆ ತಲೆ ಎತ್ತಿದಳು.

"ಹಂಗಾದ್ರೆ ಇಷ್ಟು ವರ್ಷಾನೂ ನಾನು ತಿಂದಿದ್ದೇ ಅವನಿಗೂ?"

"ಹಂಗೇ ಅಂತ ಕಾಣುತ್ತೆ."

"ಅಯ್ಯೋ ದೇವರೇ. ಪಿತ್ತಕೋಶ ತೆಗೆದಾಗ ಆಸ್ಪತ್ರೇಲಿ ಹದಿನೈದು ದಿನ ಹಸಿರು ಜೆಲ್ಲಿ ತಿಂದೆನಲ್ಲೇ! ಪಾಪ, ಅವನಿಗೂ ಅದೇ." ಅವಳು ಮುಖಕ್ಕೆ ಕೈ ಅಡ್ಡ ಹಿಡಿದು ನಗತೊಡಗಿದಳು. "ಬಿಂಗೊ ಕೂಟದಲ್ಲಿ ಕೊಡೋ ತಣ್ಣಗಾದ ಆಲೂಗಡ್ಡೆ. ನಿಮ್ಮಮ್ಮ ಮದುವೆಯಾದ ಹೊಸತರಲ್ಲಿ ಮಾಡಿದ ಆ ಕೋಳಿ, ನಾಯೀನೂ ಮುಟ್ಟಲಿಲ್ಲ, ನಾನು ತಿಂದೆ. ಅವನೂ ತಿಂದ್ನಾ ಅದನ್ನ?"

"ಅಮ್ಮಂಗೆ ಹೇಳ್ಬೇಡ" ಎಂದಳು ನೊರೀನ್, ಅವಳಿಗೂ ನಗೆಯೋ ಅಳುವೋ ಗೊತ್ತಾಗದೆ.

ಅಲ್ಲೇ ಮೇಜಿನ ಮೇಲೆ ಅವಳು ಫಾರಂ ಬಿಡಿಸಿದಳು. ಒಂಬತ್ತನೆಯ ಚೌಕದಲ್ಲಿ 'ಅವನ ಅಕ್ಕ ಏನು ತಿನ್ನುತ್ತಾಳೋ ಅದು' ಎಂದು ಬರೆದಳು. ಪಕ್ಕದಲ್ಲಿ ಎಷ್ಟು ಜನರಿಗೆ ಎಂಬ ಇನ್ನೊಂದು ಚೌಕವಿತ್ತು. ಇಬ್ಬರಿಗೆ ಎಂದು ಬರೆದಳು. ಒಟ್ಟಾವಾಕ್ಕೆ ಅರ್ಥವಾಗದಿದ್ದರೆ ಫೋನು ಮಾಡಲಿ, ಹೇಳಲು ತಾನಿದ್ದೇನೆ.

"ಸರಿ ಅಜ್ಜಿ, ನವೆಂಬರಲ್ಲಿ ಏನು ತಿಂತೀಯ? ಈಗ್ಲೇ ಹೇಳು, ಬೇರೆ ಕಾಗದದಲ್ಲಿ ಬರ್ಕೋತೀನಿ."

"ನವೆಂಬರಿಂದು ನವೆಂಬರಲ್ಲಿ" ಎಂದಳು ಅಜ್ಜಿ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ನಿಂತಳು, ಬೆಳಕು ಮುಖದ ಮೇಲೆ ಬೀಳುತ್ತಿತ್ತು, ಬಹಳ ಹೊತ್ತು ಮುಚ್ಚಲಿಲ್ಲ. "ಇಷ್ಟು ದಿನ ನನಗೊಬ್ಬಳಿಗೆ ಅಂತ ಏನೋ ಒಂದು ತಿಂತಿದ್ದೆ. ಇನ್ನು ಮೇಲೆ ಯೋಚನೆ ಮಾಡಿ ತಿನ್ಬೇಕಲ್ಲೇ."

ಭಾನುವಾರಕ್ಕೆಂದು ಇಟ್ಟಿದ್ದ ಬಿಳಿಮೀನನ್ನು ತೆಗೆದಳು. ಪೊರೆ ತೆಗೆದು, ಉಪ್ಪು ಹಾಕಿ, ಕಾದ ಕೊಬ್ಬಿನಲ್ಲಿ ಎರಡೂ ಕಡೆ ಕೆಂಪಗೆ ಕರಿದಳು. ಎರಡು ತಟ್ಟೆ ಇಟ್ಟಳು. ನೊರೀನ್ ತನಗಿರಬೇಕೆಂದು ಕುರ್ಚಿ ಎಳೆಯಲು ಹೋದಳು.

"ನಿನ್ನದು ಬಾಣಲೇಲಿದೆ, ಹಾಕ್ಕೊ" ಎಂದಳು ಅಜ್ಜಿ. ಸಿಪ್ರಿಯನ್ ಎಂದು ಒಮ್ಮೆ ಹೆಸರು ಹಿಡಿದು ಕರೆದಳು. ಆಮೇಲೆ ತನ್ನ ಕುರ್ಚಿಯನ್ನು ಆ ತಟ್ಟೆಯ ಕಡೆಗೆ ಪೂರ್ತಿ ತಿರುಗಿಸಿಕೊಂಡು ಕೂತು, ಅವನಿಗೆ ಕಾಣುವ ಹಾಗೆ, ನಿಧಾನವಾಗಿ ತಿನ್ನತೊಡಗಿದಳು.